ಕುರ್ಚಿಯ ಮೇಲೆ ಇಟ್ಟ ಬಟ್ಟೆ

ಲಾಂಡ್ರಿಯ ಹಿಂಬದಿಯ ಕೋಣೆಯಲ್ಲಿ ಆರು ಇಸ್ತ್ರಿ ಮೇಜುಗಳು ಸಾಲಾಗಿದ್ದವು. ಕಿಟಕಿಯ ಪಕ್ಕದ್ದು ದೊಡ್ಡಕ್ಕನದು. ಇಪ್ಪತ್ತಾರು ವರ್ಷದಿಂದ ಅವಳದೇ. ವಯಸ್ಸಿನಲ್ಲಿ ಅವಳಿಗಿಂತ ಹಿರಿಯರು ಇದ್ದಾಗಲೂ ಎಲ್ಲರೂ ಅವಳನ್ನು ದೊಡ್ಡಕ್ಕ ಅಂತಲೇ ಕರೆಯುತ್ತಿದ್ದರು. ಸುಳ್ಳು ಹೇಳದ ಹೆಂಗಸಿಗೆ ಜನ ತಾವಾಗಿಯೇ ಒಂದು ಮೆಟ್ಟಿಲು ಮೇಲೆ ಜಾಗ ಕೊಡುತ್ತಾರೆ, ಜೊತೆಗೆ ಒಂದಿಷ್ಟು ದೂರವನ್ನೂ ಇಟ್ಟುಕೊಳ್ಳುತ್ತಾರೆ. ಒಮ್ಮೆ ಯಾರದೋ ಮದುವೆಯ ಕೋಟಿಗೆ ಸುಟ್ಟ ಗುರುತು ಬಿದ್ದಿತ್ತು. ಮಾಲೀಕ, "ಮೊದಲೇ ಇತ್ತು ಅಂದುಬಿಡು" ಎಂದು ಕಣ್ಣು ಮಿಟುಕಿಸಿದ. ಅವಳು ಗಿರಾಕಿಯ ಮುಂದೆ ಕೋಟನ್ನು ಹರವಿ, "ನನ್ನ ಕೈಯಿಂದಲೇ ಆಗಿದ್ದು" ಅಂದುಬಿಟ್ಟಳು. ಮಾಲೀಕ ಹಲ್ಲು ಕಡಿದ, ಆದರೆ ಕೆಲಸದಿಂದ ತೆಗೆಯಲಿಲ್ಲ. ಕಾಲರಿಗೆ ಅವಳ ಹಾಗೆ ಇಸ್ತ್ರಿ ಹಾಕುವವರು ಊರಲ್ಲಿ ಇನ್ನೊಬ್ಬರಿರಲಿಲ್ಲ.

ಎದುರಿನ ಮೇಜಿನಲ್ಲಿ ಕಲೆ ತೆಗೆಯುವವಳು ಕೂರುತ್ತಿದ್ದಳು. ಅವಳಿಗೆ ಎಲ್ಲರೂ ಬಾಯಾಳಿ ಅನ್ನುತ್ತಿದ್ದರು, ಮುಖದ ಮೇಲೇ. ಶಾಯಿ, ಎಣ್ಣೆ, ರಕ್ತ, ಯಾವ ಕಲೆಯಾದರೂ ಮೂಸಿ ನೋಡಿಯೇ ಇದು ಎಷ್ಟು ದಿನದ್ದು ಅಂತ ಹೇಳಬಲ್ಲವಳು. ಮನುಷ್ಯರ ಮುಖ ನೋಡಿಯೂ ಹೇಳುತ್ತಿದ್ದಳು.

"ಏನು ದೊಡ್ಡಕ್ಕ, ಬೆಳಗ್ಗಿನಿಂದ ಅದೇ ಶರ್ಟನ್ನ ತಿಕ್ತಾ ಇದ್ದೀಯ? ಅದರ ಚರ್ಮ ಸುಲೀತೀಯೇನು?"

ದೊಡ್ಡಕ್ಕ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. "ಆ ಸಿನಿಮಾದ ಹುಡುಗಿ ಮತ್ತೆ ಫೋನ್ ಮಾಡಿದ್ದಳು."

ಸಿನಿಮಾದ ಹುಡುಗಿ ಅಂದರೆ ಮೂವತ್ತೈದು ದಾಟಿದ ಹೆಂಗಸೇ. ಕ್ರೈಸ್ತರ ಸುವಾರ್ತಾ ಸಭೆಗಳಲ್ಲಿ ಹುಟ್ಟಿ ಬೆಳೆದ ಮಕ್ಕಳು ದೊಡ್ಡವರಾದ ಮೇಲೆ ಏನಾದರು ಅಂತ ಒಂದು ಡಾಕ್ಯುಮೆಂಟರಿ ಮಾಡುತ್ತಿದ್ದಳು. ಹಾಗೆ ಬೆಳೆದ ಐದಾರು ಮಂದಿ ಅದರಲ್ಲಿ ಮಾತಾಡಿದ್ದರು. ಅವರಲ್ಲಿ ದೊಡ್ಡಕ್ಕನ ಮಗಳೂ ಒಬ್ಬಳು. ಮನೆಯಲ್ಲಿ ಅವಳನ್ನು ಕರೆಯುತ್ತಿದ್ದದ್ದು ಗುಬ್ಬಿ ಎಂದು. ಗುಬ್ಬಿ ಇಪ್ಪತ್ತೆರಡಕ್ಕೆ ಸಭೆಯನ್ನೂ ಮನೆಯನ್ನೂ ಬಿಟ್ಟು ಹೋದವಳು, ಒಂಬತ್ತು ವರ್ಷದಿಂದ ಅಮ್ಮನ ಜೊತೆ ಒಂದು ಮಾತಾಡಿರಲಿಲ್ಲ. ನಾಲ್ಕು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗ ಬಂದಿದ್ದಳು. ಸ್ಮಶಾನದ ಗೇಟಿನ ಹೊರಗೆ ಕಪ್ಪು ಕನ್ನಡಕ ಹಾಕಿಕೊಂಡು ನಿಂತಿದ್ದಳು. ಸಭೆಯವರು ಮೊದಲನೇ ಹಾಡು ಎತ್ತಿಕೊಂಡ ಕೂಡಲೇ ಹೊರಟುಹೋದಳು.

"ಏನಂತೆ?" ಅಂದಳು ಬಾಯಾಳಿ.

"ನಾನೂ ಕ್ಯಾಮೆರಾ ಮುಂದೆ ಕೂರಬೇಕಂತೆ. ಆವತ್ತು ಕುರ್ಚಿ ಮೇಲೆ ಬಟ್ಟೆ ಇಟ್ಟಿದ್ದನ್ನ ಹೇಳಬೇಕಂತೆ. ಮಾಡಿದ್ದು ತಪ್ಪು ಅಂತ ನಾನು ಬಾಯಿಬಿಟ್ಟು ಹೇಳಿದ್ರೆ ಗುಬ್ಬಿನೇ ಫೋನ್ ಮಾಡ್ತಾಳಂತೆ. ಆಮೇಲೆ ಮಗುನ ಕರ್ಕೊಂಡು ಬರೋದು ನೋಡೋಣ ಅಂದಳಂತೆ."

ಗುಬ್ಬಿಯ ಮಗುವಿಗೆ ಆಗ ಮೂರು ವರ್ಷ. ದೊಡ್ಡಕ್ಕ ನೋಡಿದ್ದು ಸಿನಿಮಾದ ಹುಡುಗಿಯ ಫೋನಿನಲ್ಲಿದ್ದ ಒಂದೇ ಫೋಟೋ. ಅದರಲ್ಲೂ ಮಗು ಬೆನ್ನು ಹಾಕಿ ನಿಂತಿತ್ತು. ಹಿಂದಲೆಯ ಸುಳಿ ಮಾತ್ರ ಕಾಣುತ್ತಿತ್ತು. ಆ ಸುಳಿ ಅವನ ತಾತನದೇ.

"ಅಷ್ಟೇನಾ? ಹೇಳಿಬಿಡು ಮತ್ತೆ! ತಪ್ಪಾಯ್ತು ಅನ್ನೋಕೇನು? ನಾನು ನಮ್ಮತ್ತೆಗೆ ದಿನಾ ಬೆಳಗ್ಗೆ ಹೇಳ್ತೀನಿ, ಮುಖ ತೊಳೆಯೋಕೆ ಮುಂಚೆ. ಏನು ತಪ್ಪು ಅಂತ ಅವರೂ ಕೇಳಲ್ಲ, ನಾನೂ ಹೇಳಲ್ಲ."

"ನಿಂಗೆ ಸುಲಭ."

"ನಿಂಗೆ ತಪ್ಪು ಅನ್ಸೋದೇ ಇಲ್ವಾ?"

ದೊಡ್ಡಕ್ಕ ತೋಳಿನ ಮಡಿಕೆಯನ್ನು ಬೆರಳಲ್ಲಿ ಸವರಿದಳು. "ನೀರಿಗೆ ಬೀಳೋ ಮಗುನ ಕೂದಲು ಹಿಡಿದು ಎಳೆದರೆ ನೋವಾಗುತ್ತೆ. ಎಳೆದಿದ್ದು ತಪ್ಪಾಗುತ್ತಾ?"

"ಹಾಗಾದ್ರೆ ಸುಳ್ಳು ಹೇಳು ದೊಡ್ಡಕ್ಕ. ಒಂದೇ ಒಂದು. ಅರವತ್ತು ವರ್ಷ ಬಾಯಿ ಬಿಗಿಹಿಡಿದಿದ್ದೀಯ. ನಿನ್ನ ದೇವರು ಇದೊಂದು ಸಲ ಆ ಕಡೆ ಮುಖ ತಿರುಗಿಸಿಕೊಳ್ಳಲ್ವಾ?"

ದೊಡ್ಡಕ್ಕ ಇಸ್ತ್ರಿಪೆಟ್ಟಿಗೆಯನ್ನು ಮತ್ತೆ ಕೈಗೆತ್ತಿಕೊಂಡಳು. ಆದರೆ ಆ ವಾರವಿಡೀ ಮೇಜಿನ ಮುಂದೆ ನಿಂತು ಆ ಮಾತನ್ನು ಬಾಯೊಳಗೇ ಆಡಿಕೊಂಡು ನೋಡಿದಳು, ಹೊಸ ಹಲ್ಲುಸೆಟ್ಟು ಹಾಕಿಸಿಕೊಂಡವರು ನಾಲಿಗೆಯಲ್ಲಿ ತಡವುವ ಹಾಗೆ. ಶುಕ್ರವಾರದ ಹೊತ್ತಿಗೆ ನಿರ್ಧಾರ ಮಾಡಿದಳು. ಹೇಳುವುದು. ಮಗಳಿಗೋಸ್ಕರ ಜೀವಮಾನದ ಮೊದಲನೇ ಸುಳ್ಳು ಹೇಳುವುದು, ಆಮೇಲೆ ಮೊಣಕಾಲೂರಿ ದೇವರ ಹತ್ತಿರ ಮಾತಾಡಿಕೊಳ್ಳುವುದು.

ಶನಿವಾರ ಮಧ್ಯಾಹ್ನ ಅವರು ಬಂದರು. ಮನೆ ಮೂರನೇ ಮಹಡಿಯಲ್ಲಿ, ಎರಡೇ ಕೋಣೆ. ಸಿನಿಮಾದ ಹುಡುಗಿಯ ಜೊತೆ ಕ್ಯಾಮೆರಾ ಹಿಡಿಯುವ ಗಡ್ಡದವನೊಬ್ಬ ಇದ್ದ. ಮೆಟ್ಟಿಲು ಹತ್ತಿದ್ದಕ್ಕೆ ಇಬ್ಬರೂ ಏದುಸಿರು ಬಿಡುತ್ತಿದ್ದರು. ಗಡ್ಡದವನು ಕೋಣೆಯನ್ನೆಲ್ಲ ನೋಡಿ, ಮೂಲೆಯ ಮರದ ಬೀರುವಿನ ಹತ್ತಿರ ಹೋಗಿ ನಿಂತ. ಅದರ ಎರಡು ಬಾಗಿಲುಗಳ ನಡುವೆ ಬೆರಳು ತೂರುವಷ್ಟು ಸಂದಿ ಇತ್ತು.

"ಇದೇನಾ ಅಮ್ಮ?"

"ಇದೇ. ಇದರೊಳಗೇ ಕೂತಿದ್ದೆ. ಆಗ ತೆಳ್ಳಗಿದ್ದೆ ಕಣಪ್ಪ. ಈಗ ಕೂತರೆ ಬೀರು ಸಮೇತ ಎತ್ತಬೇಕು."

ಅವನು ನಕ್ಕ. ಸಿನಿಮಾದ ಹುಡುಗಿಯೂ ನಕ್ಕಳು. ನಗಿಸಿದ ಮೇಲೆ ದೊಡ್ಡಕ್ಕನಿಗೆ ಸ್ವಲ್ಪ ಧೈರ್ಯ ಬಂತು.

"ಆವತ್ತು ಹೇಗೆ ಇಟ್ಟಿದ್ರೋ ಹಾಗೇ ಒಂದು ಸಲ ಇಡ್ತೀರಾ?" ಅಂತ ಸಿನಿಮಾದ ಹುಡುಗಿ ಕೇಳಿದಳು. "ಇಡ್ತಾ ಇಡ್ತಾ ಹೇಳಿ. ಕ್ಯಾಮೆರಾ ಇದೆ ಅನ್ನೋದನ್ನ ಮರೆತುಬಿಡಿ."

ಕೈಗೆ ಕೆಲಸ ಸಿಕ್ಕಿದರೆ ದೊಡ್ಡಕ್ಕನಿಗೆ ಎಲ್ಲವೂ ಮರೆಯುತ್ತಿತ್ತು. ಗಂಡನ ಬೂದುಬಣ್ಣದ ಕೋಟು ಪ್ಯಾಂಟನ್ನು ತೆಗೆದಳು. ನಾಲ್ಕು ವರ್ಷದಿಂದ ತೂಗುಹಾಕಿದ್ದ ಬಟ್ಟೆಗೆ ಗೆರೆ ಬಿದ್ದಿತ್ತು. ಇಸ್ತ್ರಿಪೆಟ್ಟಿಗೆ ಬಿಸಿಗಿಟ್ಟು, ಮಾತು ಶುರು ಮಾಡಿದಳು.

"ನಮ್ಮ ಸಭೆ ಟೈರ್ ಅಂಗಡಿಯ ಮೇಲಿನ ಹಾಲಿನಲ್ಲಿ ಸೇರ್ತಿತ್ತು. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ರಬ್ಬರ್ ವಾಸನೆ. ನನಗೆ ಈಗಲೂ ಟೈರಿನ ವಾಸನೆ ಬಂದರೆ ಕೈ ತಾನಾಗೇ ಜೋಡಿಸಿಕೊಳ್ಳುತ್ತೆ. ಪಾಸ್ಟರು ಹೇಳ್ತಿದ್ದರು, ಕರ್ತನು ಬರುವ ದಿನ ನಂಬಿದವರನ್ನೆಲ್ಲ ಒಂದೇ ಕ್ಷಣದಲ್ಲಿ ಮೇಲಕ್ಕೆ ಎತ್ತಿಕೊಳ್ತಾನೆ, ಮೈಮೇಲಿನ ಬಟ್ಟೆ ಕೂತ ಜಾಗದಲ್ಲೇ ಉಳಿಯುತ್ತೆ, ನಂಬದವರು ಇಲ್ಲೇ ಉಳೀತಾರೆ ಅಂತ. ಮಕ್ಕಳಿಗೆ ಏಳು ತುಂಬಿದ ವರ್ಷ ಒಂದು ಪರೀಕ್ಷೆ. ಮಗು ಶಾಲೆಯಿಂದ ಬರೋ ಹೊತ್ತಿಗೆ ಮನೆಯವರು ಬಟ್ಟೆ ಇಟ್ಟು ಅಡಗಿಕೊಳ್ಳಬೇಕು. ಒಂದು ಗಂಟೆ. ಮಗು ಏನು ಮಾಡುತ್ತೆ ನೋಡಬೇಕು. ಭಾನುವಾರ ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಬೇಕು."

"ಎಲ್ಲ ಮನೆಯಲ್ಲೂ ಮಾಡಿದರಾ?"

"ಮಾಡಿದರು, ಆದರೆ ಹೇಗೆ? ಟೈರ್ ಅಂಗಡಿಯವರು ಸೋಫಾ ಮೇಲೆ ಒಂದು ಪ್ಯಾಂಟು ಎಸೆದು ಮಂಚದ ಕೆಳಗೆ ತೂರಿಕೊಂಡರಂತೆ. ಅವರ ಮಗ ಬಂದವನೇ, ಪ್ಯಾಂಟಿನ ಜೇಬಿಗೆ ಕೈಹಾಕಿ ಮಿಠಾಯಿ ಹುಡುಕಿ, 'ಅಪ್ಪಾ, ನಿನ್ನ ಕಾಲು ಕಾಣ್ತಾ ಇದೆ' ಅಂದನಂತೆ." ಅವಳು ತಲೆಯಾಡಿಸಿದಳು. "ನಾನು ಹಂಗೆ ಮಾಡುವವಳಲ್ಲ. ನೋಡಿ, ಪ್ಯಾಂಟು ಮೊದಲು. ಮೊಣಕಾಲ ಹತ್ತಿರ ಬಾಗಿಸಿ ಕೂತವರ ಹಾಗೆ ಇಳಿಬಿಡಬೇಕು. ಸಾಕ್ಸು ಬೂಟಿನೊಳಗೇ ಇರಬೇಕು. ಶರ್ಟು ಕೋಟಿನೊಳಗೆ, ಗುಂಡಿ ಅಷ್ಟೂ ಹಾಕಿ. ಇದೇ ಮುಖ್ಯ. ಬಿಚ್ಚಿಟ್ಟ ಬಟ್ಟೆಗೆ ಗುಂಡಿ ಹಾಕಿರಲ್ಲ. ಒಳಗಿದ್ದವರನ್ನ ಎತ್ತಿಕೊಂಡರೆ ಗುಂಡಿ ಹಾಕಿದಂತೆ ಇರುತ್ತೆ. ಕನ್ನಡಕ ಮಡಿಲಲ್ಲಿ ಬಿದ್ದ ಹಾಗೆ. ಪಕ್ಕದ ಕುರ್ಚೀಲಿ ನನ್ನ ನೀಲಿ ಉಡುಪು, ಮೇಲೆ ಅರ್ಧ ಹೊಲಿದ ದಿಂಬಿನ ಚೀಲ, ಸೂಜಿ ಅದರಲ್ಲೇ."

ಅವಳು ಹಿಂದೆ ಸರಿದು ನೋಡಿದಳು. ಗಡ್ಡದವನು ಕ್ಯಾಮೆರಾದಿಂದ ಕಣ್ಣು ತೆಗೆದು ಬರಿಗಣ್ಣಲ್ಲಿ ನೋಡಿದ. ಕುರ್ಚಿಗಳಲ್ಲಿ ಇಬ್ಬರು ಕೂತಿದ್ದು ಈಗಷ್ಟೇ ಇಲ್ಲವಾದ ಹಾಗಿತ್ತು.

"ಆಮೇಲೆ?" ಅಂದಳು ಸಿನಿಮಾದ ಹುಡುಗಿ, ಮೆಲ್ಲಗೆ.

"ಇವರು ಕೆಲಸಕ್ಕೆ ಹೋಗಿದ್ದರು. ನಾನೊಬ್ಬಳೇ ಬೀರುವಿನಲ್ಲಿ. ಗುಬ್ಬಿ ಬಂದಳು. ಮೂರು ಸಲ ಅಮ್ಮಾ ಅಂದಳು. ಕುರ್ಚಿಯ ಹತ್ತಿರ ಬಂದು ಅಪ್ಪನ ಕೋಟನ್ನ ಮುಟ್ಟಿದಳು. ನನ್ನ ಉಡುಪಿಗೆ ಕೆನ್ನೆ ಇಟ್ಟಳು. ಆಮೇಲೆ ಶಾಲೆಯ ಚೀಲ ತೆಗೆದಿಟ್ಟಳು. ಬೂಟು ಬಿಚ್ಚಿದಳು. ಸ್ವೆಟರ್ ಬಿಚ್ಚಿ ಮಡಿಸಿ ನನ್ನ ಉಡುಪಿನ ಪಕ್ಕ ಇಟ್ಟಳು. ಭಾರ ಕಡಿಮೆಯಾದರೆ ತಾನೂ ಹೋಗಬಹುದು ಅಂತ. ಮೇಜಿನ ಮೇಲೆ ಹತ್ತಿ, ಹಿಮ್ಮಡಿ ಎತ್ತಿ, ಕೈ ಎರಡೂ ಮೇಲೆ ಮಾಡಿ ನಿಂತಳು. ಒಂದು ಗಂಟೆ ಹಂಗೇ ನಿಂತಿದ್ದಳು. ಅಳಲಿಲ್ಲ. ಕಾಲು ನಡುಗ್ತಾ ಇತ್ತು. ನಾನು ಒಳಗೆ ಬಾಯಿಗೆ ಸೆರಗು ತುರುಕಿಕೊಂಡು ಸಂತೋಷಕ್ಕೆ ಅಳ್ತಾ ಇದ್ದೆ. ಏಳು ವರ್ಷದ ಮಗುಗೆ ಪರಲೋಕದ ಮೇಲೆ ಅಷ್ಟು ಆಸೆ! ಭಾನುವಾರ ಸಾಕ್ಷಿ ಹೇಳಿದಾಗ ಸಭೆಯೆಲ್ಲ ಎದ್ದು 'ಸ್ತೋತ್ರ, ಸ್ತೋತ್ರ' ಅಂತು. ಪಾಸ್ಟರು ಅವಳನ್ನ ಎತ್ತಿ ಎಲ್ಲರಿಗೂ ತೋರಿಸಿದರು."

ಕೆಳಗೆ ಬೀದಿಯಲ್ಲಿ ಲಾರಿಯೊಂದು ಹಿಂದಕ್ಕೆ ಬರುತ್ತಾ ಕೂಗುತ್ತಿತ್ತು.

ದೊಡ್ಡಕ್ಕ ಗಂಟಲು ಸರಿಮಾಡಿಕೊಂಡಳು. ಬಾಯಿಪಾಠ ಮಾಡಿಟ್ಟುಕೊಂಡಿದ್ದ ಮಾತು ತುದಿನಾಲಿಗೆಯಲ್ಲೇ ಇತ್ತು. ಆದರೆ ಅದಕ್ಕೆ ಮುಂಚೆ ಸಿನಿಮಾದ ಹುಡುಗಿ ಬಂದು ಕೋಟಿನ ಎದೆಯ ಮೇಲೆ ಅಂಗೈ ಇಟ್ಟು, ಹಾಗೇ ನಿಂತುಬಿಟ್ಟಳು.

"ಬೆಚ್ಚಗಿದೆ" ಅಂದಳು.

"ಈಗ ತಾನೇ ಇಸ್ತ್ರಿ ಹಾಕಿದ್ದಲ್ವಾಮ್ಮ."

"ಆವತ್ತೂ ಹಾಕಿದ್ರಾ?"

"ಹಾಕದೇ ಇರ್ತೀನಾ? ಸುಕ್ಕಾದ ಬಟ್ಟೆ ಇಡೋದಾ? ಅವಳು ಬರೋಕೆ ಹತ್ತು ನಿಮಿಷ ಮುಂಚೆ..."

"ಅಮ್ಮ, ನಿಮ್ಮ ಮಗಳು ಇದನ್ನೇ ಹೇಳಿದ್ದು. ಬಟ್ಟೆ ಇನ್ನೂ ಬೆಚ್ಚಗಿತ್ತಂತೆ. ಕೆನ್ನೆ ಇಟ್ಟಾಗ ಗೊತ್ತಾಯ್ತಂತೆ. ಅಂದರೆ ಈಗಷ್ಟೇ ಹೋಗಿದ್ದಾರೆ, ಒಂದೇ ನಿಮಿಷದಲ್ಲಿ ತಪ್ಪಿಹೋಯ್ತು ಅಂತ. ಶಾಲೆಯಿಂದ ಬರುವಾಗ ದಾರಿಯಲ್ಲಿ ಬೆಕ್ಕಿನ ಮರಿ ನೋಡ್ತಾ ನಿಂತಿದ್ದಳಂತೆ. ನಿಲ್ಲದೇ ಬಂದಿದ್ದರೆ ನನ್ನನ್ನೂ ಕರ್ಕೊಂಡು ಹೋಗ್ತಿದ್ದರು ಅಂತ ಅಂದುಕೊಂಡಳಂತೆ. ಇಪ್ಪತ್ತನಾಲ್ಕು ವರ್ಷ ಆಯ್ತು, ಈಗಲೂ ಬೆಕ್ಕು ಕಂಡರೆ ದಾರಿ ಬದಲಾಯಿಸ್ತಾಳೆ."

ದೊಡ್ಡಕ್ಕ ಕೋಟನ್ನು ನೋಡಿದಳು. ಮುಟ್ಟಿ ನೋಡಿದಳು. ಬಿಸಿ ಆಗಲೇ ಇಳಿಯುತ್ತಿತ್ತು, ಆದರೂ ಮೈಯ ಬಿಸಿಯಷ್ಟು ಉಳಿದಿತ್ತು. ಸರಿಯಾಗಿ ಮೈಯ ಬಿಸಿಯಷ್ಟೇ. ಇಪ್ಪತ್ತಾರು ವರ್ಷದಿಂದ ದಿನಾ ಬಿಸಿ ಬಟ್ಟೆ ಮುಟ್ಟಿದ ಕೈ ಅದು. ಆ ಕೈಗೆ ಇದು ಒಂದು ಸಲವೂ ಹೊಳೆದಿರಲಿಲ್ಲ. ಬೇರೆ ಯಾರ ಮನೆಯಲ್ಲಾದರೂ ಬಟ್ಟೆ ತಣ್ಣಗಿರುತ್ತಿತ್ತು. ಬೇರೆ ಯಾವ ಮಗುವಾದರೂ ಜೇಬಿಗೆ ಕೈಹಾಕಿ ನಕ್ಕುಬಿಡುತ್ತಿತ್ತು.

ಅವಳು ಕುರ್ಚಿಯ ಪಕ್ಕ ನೆಲಕ್ಕೆ ಕುಸಿದಳು. ಪಾಠ ಮಾಡಿಟ್ಟುಕೊಂಡಿದ್ದೆಲ್ಲ ಎಲ್ಲಿ ಹೋಯಿತೋ.

"ನನಗೆ ಗೊತ್ತಿರಲಿಲ್ಲ ಕಂದಾ" ಅಂದಳು, ಕ್ಯಾಮೆರಾದ ಕಡೆಗಲ್ಲ, ಗುಬ್ಬಿ ಆವತ್ತು ಹತ್ತಿ ನಿಂತ ಮೇಜಿನ ಕಡೆಗೆ. "ಬೆಚ್ಚಗಿತ್ತು ಅಂತ ನನಗೆ ಗೊತ್ತಿರಲಿಲ್ಲ. ಬಾಗಿಲು ತೆಗೆದು ಬರಬೇಕಿತ್ತು ನಾನು. ಕಾಲು ನಡುಗೋದು ಕಾಣ್ತಾ ಇತ್ತು. ಬರಬೇಕಿತ್ತು. ನನ್ನದು ತಪ್ಪು. ತಪ್ಪಾಯ್ತು."

ಗಡ್ಡದವನು ಕ್ಯಾಮೆರಾ ಆರಿಸಿ ಕಿಟಕಿಯ ಹತ್ತಿರ ಹೋಗಿ ಬೀದಿಗೆ ಮುಖಮಾಡಿ ನಿಂತ. ಸಿನಿಮಾದ ಹುಡುಗಿ ದೊಡ್ಡಕ್ಕನ ಪಕ್ಕ ಕೂತು ಕೈ ಹಿಡಿದುಕೊಂಡಳು. ಅವರು ಹೋದ ಮೇಲೆ ದೊಡ್ಡಕ್ಕನಿಗೆ ನೆನಪಾಯಿತು: ಸುಳ್ಳು ಹೇಳಬೇಕಾಗಿ ಬಂದಿರಲಿಲ್ಲ.

ಮುಂದಿನ ಎಂಟು ದಿನ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ ಅನ್ನಬೇಕು. ಪಕ್ಕದ ಕೋಣೆಯ ಹಾಸಿಗೆ ಬಿಸಿಲಿಗೆ ಹಾಕಿದಳು. ಮೂರು ವರ್ಷದ ಮಗು ಹತ್ತಬಾರದೆಂದು ಕಿಟಕಿಯ ಹತ್ತಿರದ ಪೆಟ್ಟಿಗೆಯನ್ನು ಸರಿಸಿದಳು. ಬಾಯಾಳಿ ಒಂದು ಚಿಕ್ಕ ಮರದ ರೈಲು ತಂದುಕೊಟ್ಟಳು, ಅವಳ ಮೊಮ್ಮಗ ಆಡಿ ಬಿಟ್ಟದ್ದು. "ಒಂದು ಚಕ್ರ ಇಲ್ಲ. ಆದರೆ ಅವನಿಗೆ ಮೂರು ವರ್ಷ, ನನ್ನ ಹಾಗೆ ಮೂಸಿ ನೋಡಲ್ಲ" ಅಂದಳು. ಕುರ್ಚಿಯ ಮೇಲಿನ ಬಟ್ಟೆಯನ್ನು ಮಾತ್ರ ದೊಡ್ಡಕ್ಕ ತೆಗೆಯಲಿಲ್ಲ. ಗುಬ್ಬಿ ಬಂದ ಮೇಲೆ ಇಬ್ಬರೂ ಸೇರಿ ಮಡಿಸಿಡೋಣ ಅಂತ ಅವಳ ಮನಸ್ಸಿನಲ್ಲಿತ್ತು.

ಭಾನುವಾರ ಸಭೆ ಮುಗಿಸಿ ಮನೆಗೆ ಬಂದು ಬೀಗ ತೆಗೆಯುತ್ತಿರುವಾಗ ಫೋನ್ ಬಂತು. ಕೀಲಿ ಬೀಗದಲ್ಲೇ ಉಳಿಯಿತು.

"ಅಮ್ಮ."

ಒಂಬತ್ತು ವರ್ಷಕ್ಕೆ ದನಿ ದಪ್ಪಗಾಗಿತ್ತು, ಅಷ್ಟೇ. "ಗುಬ್ಬಿ" ಅಂದಳು ದೊಡ್ಡಕ್ಕ.

"ಚೆನ್ನಾಗಿದ್ದೀಯಾ?"

"ಇದ್ದೀನಿ. ನೀನು? ಮಗು?"

"ಅವನಿಗೆ ಶೀತ. ಮೂಗು ಸೋರ್ತಾ ಇರುತ್ತೆ ಯಾವಾಗಲೂ."

"ನಿನಗೂ ಹಂಗೇ. ಶಾಲೆಗೆ ಸೇರೋವರೆಗೂ ಸೋರ್ತಿತ್ತು."

ಗುಬ್ಬಿ ಸಣ್ಣಗೆ ನಕ್ಕಳು. "ಅವರು ಕಳಿಸಿದ ವೀಡಿಯೋ ನೋಡಿದೆ ಅಮ್ಮ. ಹತ್ತು ಸಲ ನೋಡಿದೆ. ಬಟ್ಟೆ ಬಿಸಿಯಿದ್ದಿದ್ದು ಇಸ್ತ್ರಿಯಿಂದ ಅಂತ ನನಗೆ ಈಗಲೇ ಗೊತ್ತಾಗಿದ್ದು. ಇಷ್ಟು ವರ್ಷ ಹೊಳೆದೇ ಇಲ್ಲ. ಇಸ್ತ್ರಿಯವಳ ಮಗಳಾಗಿ!"

"ನನಗೇ ಹೊಳೆದಿಲ್ಲ."

"ಒಂದು ಕೇಳ್ತೀನಿ. ಬೇಜಾರು ಮಾಡ್ಕೋಬೇಡ."

"ಕೇಳು ಕಂದಾ."

"ನಾನು ಸಭೆ ಬಿಟ್ಟೆ. ಅದು ನನ್ನ ಬಿಟ್ಟಿಲ್ಲ. ಮಗು ಬಾತ್‌ರೂಮಿನಲ್ಲಿ ಸದ್ದು ಮಾಡದೇ ಇದ್ರೆ ಓಡಿಹೋಗಿ ನೋಡ್ತೀನಿ. ಇವರು ಕೆಲಸದಿಂದ ಬರೋದು ಹತ್ತು ನಿಮಿಷ ತಡ ಆದ್ರೆ ಕೈಕಾಲು ತಣ್ಣಗಾಗುತ್ತೆ. ನೆಲದ ಮೇಲೆ ಯಾರದ್ದಾದರೂ ಬಟ್ಟೆ ಬಿದ್ದಿರೋದು ನೋಡಿದ್ರೆ... ಡಾಕ್ಟರ ಹತ್ತಿರ ಹೋಗ್ತಾ ಇದ್ದೀನಿ, ಮೂರು ವರ್ಷದಿಂದ. ಅವರು ಹೇಳ್ತಾರೆ, ಅಂಥದ್ದೇನೂ ಬರಲ್ಲಮ್ಮ ಅಂತ. ಇವರೂ ಹೇಳ್ತಾರೆ. ನನಗೆ ನಂಬಿಕೆ ಬರಲ್ಲ. ಆವತ್ತೊಂದು ದಿನ ಬಿಟ್ರೆ ನೀನು ಯಾವತ್ತೂ ಸುಳ್ಳು ಹೇಳಿದವಳಲ್ಲ. ನೀನು ಹೇಳಿದ್ರೆ ನಾನು ನಂಬ್ತೀನಿ. ಹೇಳು ಅಮ್ಮ. ಆ ದಿನ ಬರಲ್ಲ ತಾನೆ? ಅದೆಲ್ಲ ಏನೂ ಇಲ್ಲ ತಾನೆ?"

ದೊಡ್ಡಕ್ಕ ಬಾಗಿಲಿಗೆ ಒರಗಿದಳು. ಹೂಂ ಅನ್ನಬೇಕು, ಅಷ್ಟೇ. ಹಿಂದಿನ ವಾರ ಸುಳ್ಳಿಗೆ ಸಿದ್ಧವಾಗಿದ್ದ ಬಾಯಿಯೇ ಇದು. ಆದರೆ ಆಗ ಹೇಳಬೇಕಾಗಿದ್ದದ್ದು ತನ್ನ ಬಗ್ಗೆ. ತನ್ನನ್ನು ತಾನು ಏನಾದರೂ ಅಂದುಕೊಳ್ಳಬಹುದು. ಇದು ಹಾಗಲ್ಲ. ಗಂಡ ಕೊನೆಯ ದಿನಗಳಲ್ಲಿ ಗೋಡೆ ನೋಡುತ್ತಾ ಕೇಳಿದ್ದ, "ಗುಬ್ಬಿ ಬರ್ತಾಳಾ?" ಅವನು ಕೇಳಿದ್ದು ಆಸ್ಪತ್ರೆಗಲ್ಲ, ಪರಲೋಕಕ್ಕೆ. "ಬರ್ತಾಳೆ" ಅಂದಿದ್ದಳು. ಆ ದಿನ ಇಲ್ಲ ಅಂದರೆ ಅವನು ಎಲ್ಲಿದ್ದಾನೆ? ಇದ್ದೇ ಇದ್ದರೆ, ಇಲ್ಲ ಎಂದು ಹೇಳಿ ಮಗಳನ್ನೂ ಮೊಮ್ಮಗನನ್ನೂ ಮೈಮರೆಸಿದ ತಪ್ಪು ಯಾರದು? ಈ ಸಲ ಅವರು ಮೇಜಿನ ಮೇಲೆ ನಿಂತು ಕೈ ಎತ್ತಿದರೆ, ಬೀರುವಿನಿಂದ ಹೊರಗೆ ಬರುವವರು ಯಾರೂ ಇರುವುದಿಲ್ಲ.

"ಅಮ್ಮ?"

"ಗುಬ್ಬಿ," ಅಂದಳು. ಅವಳ ಹತ್ತಿರ ಇದ್ದದ್ದು ಒಂದೇ ಮಾತು, ಅದು ಸರಿಯಾದ ಮಾತಲ್ಲ ಎಂದು ಬಾಯಿಂದ ಹೊರಡುವಾಗಲೇ ಗೊತ್ತಾಗುತ್ತಿತ್ತು. "ನೀನು ಸಭೆಗೆ ವಾಪಸ್ ಬಾ ಕಂದಾ. ಒಂದು ಭಾನುವಾರ ಬಾ ಸಾಕು. ಕರ್ತನ ಕೈ ಹಿಡಿದವರಿಗೆ ಆ ದಿನದ ಹೆದರಿಕೆ ಇರಲ್ಲ. ನೀನೂ, ಮಗೂ..."

ಆ ಕಡೆ ದೂರದಿಂದ ಮೂಗು ಕಟ್ಟಿದ ಪುಟ್ಟ ದನಿಯೊಂದು ಕೇಳಿತು: "ಯಾರಮ್ಮಾ ಅದು?"

"ಯಾರೂ ಇಲ್ಲ ಪುಟ್ಟಾ" ಅಂದಳು ಗುಬ್ಬಿ. ಸಿಟ್ಟಿನಿಂದಲ್ಲ. ಬಹಳ ಸುಸ್ತಾದವರ ಹಾಗೆ. ಫೋನ್ ಕಟ್ಟಾಯಿತು.

ದೊಡ್ಡಕ್ಕ ತಿರುಗಿ ಮಾಡಿದಳು. ಮಾರನೆಯ ದಿನವೂ ಮಾಡಿದಳು. ಮೂರನೆಯ ದಿನದಿಂದ ಆ ನಂಬರೇ ಇರಲಿಲ್ಲ.

ಡಾಕ್ಯುಮೆಂಟರಿ ಐದು ತಿಂಗಳ ಮೇಲೆ ಹೊರಗೆ ಬಂತು. ಊಟದ ಹೊತ್ತಿನಲ್ಲಿ ಬಾಯಾಳಿ ಫೋನನ್ನು ಸೋಪಿನ ಡಬ್ಬಿಗೆ ಒರಗಿಸಿಟ್ಟಳು, ಇಸ್ತ್ರಿಯ ಆರೂ ಮಂದಿ ಸುತ್ತ ನೆರೆದರು. ಗುಬ್ಬಿ ಅದರಲ್ಲಿ ಮೂರು ಸಲ ಬಂದಳು. ಕೂದಲು ಕತ್ತರಿಸಿಕೊಂಡಿದ್ದಳು. ಕೊನೆಗೆ ದೊಡ್ಡಕ್ಕ ನೆಲದ ಮೇಲೆ ಕೂತು ತಪ್ಪಾಯ್ತು ಅಂದಳು. ಆಮೇಲೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದು ಸಾಲು ಮೂಡಿತು: "ಇದಾದ ಎಂಟು ದಿನಕ್ಕೆ ತಾಯಿ ಮತ್ತು ಮಗಳು ಒಂಬತ್ತು ವರ್ಷಗಳ ನಂತರ ಮಾತನಾಡಿದರು." ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹೆಂಗಸರು ಕಣ್ಣೊರೆಸಿಕೊಂಡರು. ಒಬ್ಬಳು ಚಪ್ಪಾಳೆ ತಟ್ಟಿದಳು.

"ನಾನು ಹೇಳಿರಲಿಲ್ವಾ?" ಬಾಯಾಳಿ ದೊಡ್ಡಕ್ಕನ ಭುಜ ಹಿಡಿದು ಅಲುಗಾಡಿಸಿದಳು. ಆಮೇಲೆ ಅವಳ ಮುಖ ನೋಡಿದಳು, ಕಲೆ ನೋಡುವ ಹಾಗೆ, ಹತ್ತಿರದಿಂದ. ದನಿ ತಗ್ಗಿಸಿ ಕೇಳಿದಳು, "ಮಗು ಬರ್ತಾನೆ ತಾನೆ?"

"ಬರ್ತಾನೆ" ಅಂದಳು ದೊಡ್ಡಕ್ಕ.

ಎಷ್ಟು ಸಲೀಸಾಗಿ ಬಂತು ಅಂತ ಅವಳಿಗೇ ಆಶ್ಚರ್ಯವಾಯಿತು. ಬಾಯಾಳಿ ಇನ್ನೇನೂ ಕೇಳದೆ, ಫೋನನ್ನು ಚೀಲಕ್ಕೆ ಹಾಕಿಕೊಂಡು ತನ್ನ ಮೇಜಿಗೆ ಹೋದಳು.

ಮುಂದಿನ ಮೇಜಿನವಳು, ಗಿರಾಕಿ ಕಾಯುತ್ತಿದ್ದಾರೆ, ಆ ಕೋಟು ಆಯ್ತಾ ಅಂತ ಕೂಗಿದಳು. ಆಗಿತ್ತು. ಆದರೆ ದೊಡ್ಡಕ್ಕ ಅದನ್ನು ಕೊಡದೆ ಕಿಟಕಿಯ ಸರಳಿಗೆ ತೂಗುಹಾಕಿದಳು. ಈಚೆಗೆ ಅವಳು ಹಾಗೇ ಮಾಡುತ್ತಿದ್ದಳು. ತಡವಾಗುತ್ತೆ ಎಂದು ಮಾಲೀಕ ಎರಡು ಸಲ ಬೈದಿದ್ದ. ಅವಳು ಪಕ್ಕದಲ್ಲೇ ನಿಂತು, ಆಗಾಗ ಅಂಗೈಯಿಂದ ಮುಟ್ಟಿ ನೋಡುತ್ತಾ, ಬಟ್ಟೆ ಪೂರಾ ತಣ್ಣಗಾಗುವುದನ್ನು ಕಾಯುತ್ತಿದ್ದಳು.